ತನ್ನನ್ನು ತಾನೇ ತಿದ್ದಿಕೊಂಡ ಗ್ರಂಥಕರ್ತ

ಇಟಲಿಯ ಸ್ವಾತಂತ್ರ್ಯಸಮರದ ಕಥೆಯು ನಮ್ಮ ದೇಶದವರಿಗೆ ಹೊಸತಲ್ಲ. ಲಾಲಾ ಲಜಪತರಾಯರು 1896ರಲ್ಲಿಯೇ ಮ್ಯಾಜಿನಿಯ ಜೀವನಚರಿತ್ರೆಯನ್ನು ಉರ್ದುವಿನಲ್ಲಿ ಬರೆದರು. ಸಾವರಕರರು 1907ರಲ್ಲಿ ಆತನ ಆತ್ಮವೃತ್ತವನ್ನು ಮರಾಠಿಗೆ ತಂದರು. ಮ್ಯಾಜಿನಿಯ ಲೇಖನಿ, ಗಾರಿಬಾಲ್ಡಿಯ ಖಡ್ಗ, ಕಾವೂರನ ರಾಜತಂತ್ರ ಎಂದು ಮೂರು ಮಾತುಗಳಲ್ಲಿ ಇಟಲಿಯ ಏಕೀಕರಣವನ್ನು ಹೇಳಿ ಮುಗಿಸುವುದು ನಮ್ಮಲ್ಲಿ ವಾಡಿಕೆಯಾಗಿಹೋಯಿತು. ಇಟಲಿಯವರನ್ನೇ ಕೇಳಿದರೆ ಅವರು ಇನ್ನೊಂದು ಹೆಸರನ್ನು ಸೇರಿಸದೆ ಬಿಡುವುದಿಲ್ಲ. ಆ ಹೆಸರಿನವನು ಖಡ್ಗ ಹಿಡಿದವನಲ್ಲ, ಗುಪ್ತಸಂಘಗಳನ್ನು ಕಟ್ಟಿದವನಲ್ಲ, ಸಭೆಯಲ್ಲಿ ನಿಂತು ಮಾತನಾಡಿದವನೂ ಅಲ್ಲ. ಮಾತನಾಡುವುದಿರಲಿ, ಆತನಿಗೆ ನಾಲಗೆ ತೊದಲುತ್ತಿತ್ತು. ಜನಸಂದಣಿಯನ್ನು ಕಂಡರೆ ಎದೆ ನಡುಗುತ್ತಿತ್ತು. ಜೊತೆಗೊಬ್ಬರಿಲ್ಲದೆ ಬೀದಿಗೆ ಇಳಿಯುವುದಕ್ಕೂ ಹೆದರುತ್ತಿದ್ದನು. ಅಂಥವನು 1873ರ ಮೇ 22ರಂದು ಮಿಲಾನ್ ನಗರದಲ್ಲಿ ತೀರಿಕೊಂಡಾಗ ರಾಜಕುಮಾರರೂ ಮಂತ್ರಿಗಳೂ ಆತನ ಶವಯಾತ್ರೆಯಲ್ಲಿ ನಡೆದರು. ಆತನೇ ಅಲೆಸ್ಸಾಂದ್ರೊ ಮಾಂಜೋನಿ. ಆತನು ಬರೆದ ಕಾದಂಬರಿ ಒಂದೇ ಒಂದು. ಆದರೆ ಆ ಒಂದನ್ನು ಮೂರು ಬಾರಿ ಬರೆದನು; ಬರೆದ ಮೇಲೆ ಅಂಥ ಕಾದಂಬರಿಗಳನ್ನು ಬರೆಯುವುದೇ ಸರಿಯಲ್ಲವೆಂದು ವಾದಿಸಿ ಇನ್ನೊಂದು ಗ್ರಂಥವನ್ನು ಬರೆದನು. ತಾನು ಬರೆದುದು ನಿಜವೇ ಎಂಬ ಪ್ರಶ್ನೆಯನ್ನು ಇಷ್ಟು ನಿಷ್ಕರುಣೆಯಿಂದ ತನಗೆ ತಾನೇ ಹಾಕಿಕೊಂಡ ಲೇಖಕರು ಯಾವ ದೇಶದಲ್ಲಿಯೂ ವಿರಳ.

ಆತನು ಹುಟ್ಟಿದ್ದು 1785ರ ಮಾರ್ಚ್ 7ರಂದು, ಮಿಲಾನಿನಲ್ಲಿ. ತಾಯಿ ಜೂಲಿಯಾ, ಆಕೆಯ ತಂದೆ ಚೇಸರೆ ಬೆಕ್ಕಾರಿಯಾ. ನಮ್ಮ ನ್ಯಾಯವಾದಿಗಳಿಗೆ ಈ ಹೆಸರಿನ ಪರಿಚಯವಿದ್ದೀತು. ಚಿತ್ರಹಿಂಸೆಯೂ ಮರಣದಂಡನೆಯೂ ಕೂಡದೆಂದು 1764ರಲ್ಲಿ ಗ್ರಂಥ ಬರೆದು ಯೂರೋಪನ್ನೆಲ್ಲ ಅಲುಗಿಸಿದವನು ಆತನು. ತಂದೆಯೆಂದು ದಾಖಲೆಯಲ್ಲಿರುವುದು ಲೆಕ್ಕೊ ಪ್ರಾಂತದ ಜಮೀನುದಾರನಾದ ಪಿಯೆತ್ರೊ ಮಾಂಜೋನಿಯ ಹೆಸರು. ಮಿಲಾನಿನ ಜನರು ಮಾತ್ರ ಜೊವಾನ್ನಿ ವೆರ್ರಿ ಎಂಬ ಇನ್ನೊಬ್ಬನ ಹೆಸರನ್ನು ಹೇಳುತ್ತಿದ್ದರು. ಇದನ್ನು ಇಲ್ಲಿ ಎತ್ತಿದ್ದು ಪರಗೃಹದ ವಾರ್ತೆಯಲ್ಲಿ ನಮಗೆ ರುಚಿಯಿರುವುದರಿಂದಲ್ಲ. ವೆರ್ರಿ ಮನೆತನದ ಮಾತು ಮುಂದೆ ಇನ್ನೊಂದು ಸಂದರ್ಭದಲ್ಲಿ ಬರಲಿದೆ. ದಂಪತಿಗಳು 1792ರಲ್ಲಿ ಬೇರೆಯಾದರು. ಬಾಲಕನು ಪಾದ್ರಿಗಳ ವಸತಿಶಾಲೆಗಳಲ್ಲಿ ಬೆಳೆದು, ಅಲ್ಲಿಂದ ಹೊರಬೀಳುವಾಗ ಪಾದ್ರಿಗಳನ್ನು ಕಂಡರಾಗದ ನಾಸ್ತಿಕನಾಗಿದ್ದನು. 1805ರಲ್ಲಿ ಪ್ಯಾರಿಸಿನಲ್ಲಿದ್ದ ತಾಯಿಯನ್ನು ಸೇರಿದನು. 1808ರಲ್ಲಿ ಜಿನೀವಾ ಮೂಲದ ಪ್ರಾಟೆಸ್ಟೆಂಟ್ ಮನೆತನದ ಎನ್ರಿಕೆತ್ತಾ ಬ್ಲೊಂದೆಲ್ ಎಂಬವಳನ್ನು ವರಿಸಿದನು. 1810ರಲ್ಲಿ ಆಕೆ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದಳು, ಆತನೂ ತಾನು ಬಿಟ್ಟಿದ್ದ ಆ ಮತಕ್ಕೆ ಹಿಂದಿರುಗಿದನು. ನೆಪೋಲಿಯನ್ನನ ವಿವಾಹೋತ್ಸವದ ದಿನ ಪ್ಯಾರಿಸಿನ ಗುಂಪಿನಲ್ಲಿ ಹೆಂಡತಿಯು ಕಾಣೆಯಾದಾಗ ಗಾಬರಿಯಿಂದ ಸಂತ ರೋಕನ ದೇವಾಲಯವನ್ನು ಹೊಕ್ಕ ಆ ಕ್ಷಣದಲ್ಲಿಯೇ ಮನಸ್ಸು ತಿರುಗಿತೆಂದು ಪ್ರತೀತಿ. ಕಥೆ ನಿಜವಿರಲಿ ಇಲ್ಲದಿರಲಿ, ಮುಂದೆ ಆತನು ಬರೆದುದರಲ್ಲೆಲ್ಲ ಆ ಶ್ರದ್ಧೆಯ ನೆರಳಿದೆ. ಅದರೊಂದಿಗೆ ತಾತನಿಂದ ಬಂದ ತರ್ಕವೂ ಇದೆ.

ನೆಪೋಲಿಯನ್ನನ ಪತನವಾದ ಮೇಲೆ ಲೊಂಬಾರ್ದಿಯಾ ಪ್ರಾಂತವು ಆಸ್ಟ್ರಿಯಾದ ಕೈಗೆ ಮರಳಿತು. ಮಿಲಾನಿನ ದೇಶಾಭಿಮಾನಿಗಳ ಪತ್ರಿಕೆಯು 1819ರಲ್ಲಿ ಸರಕಾರದ ಕಾಟದಿಂದ ನಿಂತುಹೋಯಿತು. 1821ರಲ್ಲಿ ಪಿಯೆಮೊಂತೆಯ ದಂಗೆಯು ವಿಫಲವಾದ ಬಳಿಕ ಮಾಂಜೋನಿಯ ಪರಿಚಿತರು ಒಬ್ಬೊಬ್ಬರಾಗಿ ಸೆರೆಮನೆಗೆ ಹೋದರು. ಆ ಮಾರ್ಚ್ ತಿಂಗಳಿನಲ್ಲಿ ಆತನೊಂದು ರಾಷ್ಟ್ರಗೀತಿಯನ್ನು ರಚಿಸಿದನು, ಆದರೆ ಪ್ರಕಟಿಸಲಿಲ್ಲ. ಅದು ಅಚ್ಚಾದದ್ದು 1848ರಲ್ಲಿ, ಮಿಲಾನಿನ ಜನರು ಐದು ದಿನ ಬೀದಿಗಳಲ್ಲಿ ಕಾದಾಡಿ ಆಸ್ಟ್ರಿಯದ ಸೈನ್ಯವನ್ನು ಹೊರಗಟ್ಟಿದಾಗ. ಅಲ್ಲಿಯವರೆಗೆ ಇಪ್ಪತ್ತೇಳು ವರ್ಷ ಸುಮ್ಮನಿದ್ದನು. ಇದನ್ನು ಹೇಡಿತನವೆಂದು ಕರೆದವರು ಉಂಟು. ಆತನು ಧೀರನಾಗಿರಲಿಲ್ಲವೆಂಬುದನ್ನು ನಾವೂ ಒಪ್ಪುವೆವು. ಆದರೆ ಅದೇ 1821ರ ಏಪ್ರಿಲ್ 24ರಂದು, ಮಿತ್ರರ ಬಂಧನದ ಭೀತಿಯು ಸುತ್ತ ಕವಿದಿದ್ದಾಗ, ಮಿಲಾನಿನ ಸಮೀಪದ ಬ್ರುಸೂಲ್ಯೊ ಎಂಬಲ್ಲಿಯ ತನ್ನ ತೋಟದ ಮನೆಯಲ್ಲಿ ಕುಳಿತು ಆತನು ಬೇರೊಂದು ಬರವಣಿಗೆಗೆ ಕೈಹಾಕಿದನು. ಪರರ ಆಳ್ವಿಕೆಯಲ್ಲಿ ಬಡವನಿಗೆ ನ್ಯಾಯವು ಹೇಗೆ ಸಿಕ್ಕುವುದಿಲ್ಲವೆಂಬುದನ್ನು ಇನ್ನೂರು ವರ್ಷ ಹಿಂದಿನ ಕಥೆಯಾಗಿ ಹೇಳುವ ಗ್ರಂಥವದು. 1628ರಿಂದ 1630ರ ವರೆಗಿನ ಕಾಲ. ಮಿಲಾನನ್ನು ಆಳುವವರು ಆಸ್ಟ್ರಿಯದವರಲ್ಲ, ಸ್ಪೇನಿನವರು. ಓದುಗರಿಗೆ ಯಾರ ಮಾತೆಂಬುದು ತಿಳಿಯುವಂತಿತ್ತು. ಸರಕಾರದ ಪರೀಕ್ಷಕರಿಗೆ ತಡೆಯಲು ಹಿಡಿಯೇ ಸಿಕ್ಕುವಂತಿರಲಿಲ್ಲ.

ಕಥೆಯ ಹೆಸರು ‘ವಾಗ್ದತ್ತ ವಧೂವರರು’. ವರನು ರೇಷ್ಮೆ ನೂಲುವ ರೆಂಜೊ. ವಧುವು ಅದೇ ಕಸಬಿನ ಲುಚೀಯಾ. ಇಬ್ಬರೂ ಕೋಮೊ ಸರೋವರದ ದಂಡೆಯ ಹಳ್ಳಿಯವರು. ವಾಲ್ಟರ್ ಸ್ಕಾಟನ ಕಾದಂಬರಿಗಳು ಆಗ ಯೂರೋಪಿನ ಮನೆಮನೆಯಲ್ಲಿಯೂ ಇದ್ದವು. ಮಾಂಜೋನಿಯು ಸ್ಕಾಟನನ್ನು ಓದಿಯೇ ಈ ಮಾರ್ಗಕ್ಕೆ ಬಂದವನು. ಆದರೆ ಸ್ಕಾಟನಲ್ಲಿ ವೀರಭಟರೂ ರಾಜಪುತ್ರರೂ ಮುಂದೆ ನಿಂತರೆ, ಇಲ್ಲಿ ಮುಂದೆ ನಿಂತವರು ಚರಿತ್ರೆಯು ಹೆಸರನ್ನೂ ಬರೆದಿಡದ ಇಬ್ಬರು ಕೂಲಿಯ ಜನ. ಅವರ ಮದುವೆಯ ಹಿಂದಿನ ಸಂಜೆ, 1628ರ ನವಂಬರ್ 7ರಂದು, ಊರಿನ ಪಾದ್ರಿ ಡಾನ್ ಅಬ್ಬೋಂದಿಯೊ ಸಂಚಾರದಿಂದ ಮನೆಗೆ ಮರಳುತ್ತಿರುವಾಗ ಆಯುಧಪಾಣಿಗಳಾದ ಇಬ್ಬರು ಪುಂಡರು ಅಡ್ಡಗಟ್ಟಿ, ಈ ಮದುವೆ ಮಾಡಿಸಿದರೆ ಪ್ರಾಣ ಉಳಿಯದೆಂದು ಹೇಳುವರು. ಅವರನ್ನು ಕಳುಹಿದವನು ಆ ಭಾಗದ ಪಾಳೆಯಗಾರ ಡಾನ್ ರೊದ್ರೀಗೊ; ಹುಡುಗಿಯ ಮೇಲೆ ಆತನ ಕಣ್ಣು. ಪಾದ್ರಿಯು ದುಷ್ಟನಲ್ಲ, ಆದರೆ ಎಲ್ಲಿ ಬಲವೋ ಅಲ್ಲಿ ತಲೆಬಾಗಿ ಬದುಕುವುದನ್ನು ಕಲಿತವನು. ಇಂಥವರು ಇಟಲಿಯಲ್ಲಿ ಮಾತ್ರ ಇರುವರೆಂದು ವಾಚಕರು ತಿಳಿಯಬೇಕಾಗಿಲ್ಲ.

ಆ ಪುಂಡರನ್ನು ವರ್ಣಿಸುವುದಕ್ಕೆ ಮಾಂಜೋನಿಯು ಹಿಡಿದ ದಾರಿಯನ್ನು ನಮ್ಮ ಅಧಿಕಾರಿವರ್ಗದವರು ಗಮನವಿಟ್ಟು ನೋಡಬೇಕು. ಆತನು ಸ್ಪೇನಿನ ರಾಜಪ್ರತಿನಿಧಿಗಳು ಹೊರಡಿಸಿದ ನಿಜವಾದ ಫರ್ಮಾನುಗಳನ್ನೇ ಹಳೆಯ ದಫ್ತರಗಳಿಂದ ತೆಗೆದು ಮುಂದಿಡುವನು. 1583ರಲ್ಲಿ ಒಬ್ಬನು ತನ್ನ ಬಿರುದಾವಳಿಯನ್ನೆಲ್ಲ ಮೊದಲಲ್ಲಿ ಬರೆಯಿಸಿ, ಇಂಥ ಪುಂಡರೆಲ್ಲ ಇಷ್ಟು ದಿನದೊಳಗೆ ರಾಜ್ಯ ಬಿಟ್ಟು ತೊಲಗತಕ್ಕದ್ದೆಂದು ಹುಕುಂ ಮಾಡುವನು. ಮರುವರ್ಷ ಅದೇ ಹುಕುಮು ಇನ್ನಷ್ಟು ಕಠೋರವಾಗಿ. ಬಳಿಕ ಇನ್ನೊಬ್ಬನು, ಇನ್ನಷ್ಟು ಉದ್ದನೆಯ ಬಿರುದುಗಳೊಡನೆ, ಅನಂತರ ಮತ್ತೊಬ್ಬನು. ಹೀಗೆ 1627ರ ವರೆಗೆ ಬರುವುದು. ಪ್ರತಿಯೊಂದು ಆಜ್ಞೆಯೂ ಹಿಂದಿನದನ್ನು ಯಾರೂ ಪಾಲಿಸಲಿಲ್ಲವೆಂಬುದಕ್ಕೆ ಸರಕಾರವು ತಾನೇ ಬರೆದುಕೊಟ್ಟ ಸಾಕ್ಷ್ಯ. ಗ್ರಂಥಕರ್ತನು ಟೀಕೆಯ ಒಂದು ಮಾತನ್ನೂ ಏರಿದ ದನಿಯಲ್ಲಿ ಹೇಳುವುದಿಲ್ಲ. ತಾರೀಖುಗಳನ್ನು ಒಂದರ ಕೆಳಗೊಂದು ಇಡುತ್ತ ಹೋಗಿ, ಹುಕುಮುಗಳ ಸುರಿಮಳೆಯ ನಡುವೆಯೂ ಆ ಸಂಜೆ ಪುಂಡರು ದಾರಿಯಲ್ಲಿ ನಿಂತಿದ್ದರೆಂದು ತಿಳಿಸುವನು.

ರೆಂಜೊ ನ್ಯಾಯ ಕೇಳಲು ಪೇಟೆಯ ವಕೀಲನಲ್ಲಿಗೆ ಹೋಗುವನು. ತೊಡಕುಗಳನ್ನು ಹುಡುಕಿಕೊಡುವವನೆಂಬ ಅರ್ಥದ ಅಡ್ಡಹೆಸರು ಆ ವಕೀಲನಿಗೆ ಜನರಿಟ್ಟದ್ದು. ಬರಿಗೈಯಲ್ಲಿ ಹೋಗಬಾರದೆಂದು ಮದುವೆಯೂಟಕ್ಕೆ ಸಾಕಿದ್ದ ನಾಲ್ಕು ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ನಡೆಯುವನು. ಕೋಪದಿಂದ ಆತನು ಕೈ ಬೀಸಿದಾಗಲೆಲ್ಲ ಅವುಗಳ ತಲೆಗಳು ಜೋಲಾಡುವುವು. ಆ ಸ್ಥಿತಿಯಲ್ಲಿಯೂ ಅವು ಒಂದನ್ನೊಂದು ಕುಕ್ಕುತ್ತಿರುವುವು. ಪರಾಧೀನ ಜನರ ಒಳಜಗಳಗಳನ್ನು ಕುರಿತು ನಾವು ಬರೆದ ಎಷ್ಟೋ ಅಗ್ರಲೇಖನಗಳಿಗಿಂತ ಆ ನಾಲ್ಕು ಕೋಳಿಗಳು ಹೆಚ್ಚು ಹೇಳುತ್ತವೆ. ವಕೀಲನು ಮೊದಲು ಈ ಹುಡುಗನೇ ಯಾರನ್ನೋ ಬೆದರಿಸಿ ಬಂದ ಅಪರಾಧಿಯೆಂದು ಭಾವಿಸಿ ಉಲ್ಲಾಸದಿಂದ ಫರ್ಮಾನು ತೆಗೆದು ಓದಿ, ಪಾರುಮಾಡುವ ಉಪಾಯವನ್ನು ಹೇಳತೊಡಗುವನು. ಅಪರಾಧಿಯಲ್ಲ, ಅನ್ಯಾಯಕ್ಕೊಳಗಾದವನು, ಎದುರಾಳಿಯು ಡಾನ್ ರೊದ್ರೀಗೊ ಎಂದು ಗೊತ್ತಾದೊಡನೆಯೇ ಕೋಳಿಗಳ ಸಮೇತ ಹೊರಗೆ ತಳ್ಳಿಸುವನು.

ಮುಂದಿನ ಕಥೆಯನ್ನೆಲ್ಲ ಇಲ್ಲಿ ಹೇಳಿದರೆ ಓದುವವರ ಸುಖಕ್ಕೆ ಅಡ್ಡಿಯಾದೀತು. ಪ್ರೇಮಿಗಳು ಅಗಲುವರು, ಮಿಲಾನಿನಲ್ಲಿ ರೊಟ್ಟಿಗಾಗಿ ದೊಂಬಿಯೆದ್ದ ದಿನ ರೆಂಜೊ ಅದರಲ್ಲಿ ಸಿಕ್ಕಿ, ಮುಖಂಡನೆಂಬ ಅಪವಾದ ಹೊತ್ತು, ಅದ್ದಾ ನದಿಯನ್ನು ದಾಟಿ ವೆನಿಸಿನ ಸೀಮೆಗೆ ಓಡಿಹೋಗುವನು, ಯುದ್ಧವು ಬರುವುದು, ಯುದ್ಧದ ಸೈನಿಕರೊಡನೆ 1630ರಲ್ಲಿ ಪ್ಲೇಗು ಬರುವುದು. ರೊಟ್ಟಿಯ ದೊಂಬಿಯ ಅಧ್ಯಾಯಗಳನ್ನು ಮಾತ್ರ ಆಹಾರಖಾತೆಯಲ್ಲಿ ಕೆಲಸ ಮಾಡಿದವರು ಬಿಡದೆ ಓದಬೇಕು. ಧಾನ್ಯವಿಲ್ಲದ ವರ್ಷದಲ್ಲಿ ದೊಡ್ಡ ಅಧಿಕಾರಿಯೊಬ್ಬನು ಜನಪ್ರಿಯತೆಗಾಗಿ ರೊಟ್ಟಿಯ ಬೆಲೆಯನ್ನು ಲೇಖನಿಯ ಒಂದೇ ಗೀಟಿನಿಂದ ಇಳಿಸುವುದೂ, ಆ ಬೆಲೆಗೆ ಮಾರಲಾರದೆ ಭಟ್ಟಿಯವರು ಕೂಗಾಡುವುದೂ, ಬೆಲೆ ಮತ್ತೆ ಏರಿದಾಗ ಧಾನ್ಯವೆಲ್ಲ ಯಾರದೋ ಕಣಜದಲ್ಲಿ ಅಡಗಿದೆಯೆಂದು ಗುಂಪು ಭಟ್ಟಿಗಳನ್ನು ಒಡೆಯುವುದೂ ಎಲ್ಲವೂ ನಿಜವಾಗಿ ನಡೆದ ಸಂಗತಿಗಳು. ಮಾಂಜೋನಿಗೆ ಹಸಿದ ಜನರ ಮೇಲೆ ಕರುಣೆಯುಂಟು. ಆದರೆ ಗುಂಪಿನ ಬುದ್ಧಿಯನ್ನು ಹೊಗಳುವಷ್ಟು ಕರುಣೆಯಿಲ್ಲ.

ಪ್ಲೇಗಿನ ಅಧ್ಯಾಯಗಳನ್ನು ಬರೆಯುವಾಗ ಆತನ ಕೈಗೆ ಒಂದು ಮೊಕದ್ದಮೆಯ ಕಡತವು ಸಿಕ್ಕಿತು. ಅದು ಆತನನ್ನು ಕೊನೆಯವರೆಗೂ ಬಿಡಲಿಲ್ಲ; ನಮ್ಮ ಎಣಿಕೆಯಲ್ಲಿ ಆತನ ಯೋಗ್ಯತೆಯನ್ನು ಅಳೆಯತಕ್ಕದ್ದು ಅಲ್ಲಿಯೇ.

1630ರ ಜೂನ್ 21ರ ಬೆಳಗ್ಗೆ ಮಿಲಾನಿನಲ್ಲಿ ಮಳೆ ಬೀಳುತ್ತಿತ್ತು. ಕಾತೆರೀನಾ ರೋಜಾ ಎಂಬ ಹೆಂಗಸು ಕಿಟಕಿಯಿಂದ ನೋಡುತ್ತಿರಲು, ಕಪ್ಪು ನಿಲುವಂಗಿಯ ಒಬ್ಬನು ಏನನ್ನೋ ಬರೆಯುತ್ತ, ಗೋಡೆಯ ಮಗ್ಗುಲಿಗೇ ನಡೆಯುತ್ತ, ಗೋಡೆಗೆ ಕೈ ಒರೆಸುವುದನ್ನು ಕಂಡಳು. ಪ್ಲೇಗಿನ ವಿಷವನ್ನು ಗೋಡೆಗಳಿಗೆ ಬಳಿಯುವ ದ್ರೋಹಿಗಳಿರುವರೆಂದು ಊರಿಗೆ ಊರೇ ನಂಬಿದ್ದ ಕಾಲ. ಆ ಮನುಷ್ಯನು ಗುಲ್ಯೆಲ್ಮೊ ಪಿಯಾತ್ಸಾ ಎಂಬ ಆರೋಗ್ಯ ಇಲಾಖೆಯ ನೌಕರ. ಮಳೆಗಾಗಿ ಸೂರಿನಡಿ ನಡೆದಿದ್ದಾನು, ಬೆರಳಿಗೆ ಹತ್ತಿದ ಮಸಿಯನ್ನು ಗೋಡೆಗೆ ಒರೆಸಿದ್ದಾನು. ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು, ಮರುದಿನ ಹಿಡಿದರು, ಚಿತ್ರಹಿಂಸೆ ಮಾಡಿದರು. ಎರಡು ಬಾರಿ ತಾಳಿಕೊಂಡವನು, ನಿಜ ಹೇಳಿದರೆ ಕ್ಷಮೆಯುಂಟೆಂಬ ಆಸೆ ತೋರಿಸಿದಾಗ ಬಾಯಿಗೆ ಬಂದ ಒಂದು ಹೆಸರನ್ನು ಹೇಳಿದನು. ಅದು ಜಾನ್‌ಜಾಕೊಮೊ ಮೋರಾ ಎಂಬ ಕ್ಷೌರಿಕನ ಹೆಸರು. ಮೋರಾ ಪ್ಲೇಗಿಗೆ ಮುಲಾಮು ಮಾಡಿ ಕೊಡುತ್ತಿದ್ದವನು. ಆತನ ಮನೆಯನ್ನು ಶೋಧಿಸಲು ಒಂದು ಹಂಡೆಯಲ್ಲಿ ಬಟ್ಟೆ ಒಗೆಯುವ ಬೂದಿನೀರಿನ ಗಷ್ಟು ದೊರೆಯಿತು. ಅಗಸಗಿತ್ತಿಯರನ್ನು ಕರೆಯಿಸಿ, ಇದರಲ್ಲಿ ಏನೋ ದುಷ್ಟತನವಿದೆಯೆಂದು ಹೇಳಿಸಿದರು. ಆಗಸ್ಟಿನ ಮೊದಲಲ್ಲಿ ಇಬ್ಬರನ್ನೂ ಬಂಡಿಯಲ್ಲಿ ಮೆರೆಯಿಸಿ, ಕಾಯ್ದ ಇಕ್ಕುಳಗಳಿಂದ ಮೈ ಕಿತ್ತು, ಬಲಗೈ ಕತ್ತರಿಸಿ, ಚಕ್ರಕ್ಕೆ ಕಟ್ಟಿ ಎಲುಬು ಮುರಿದು ಕೊಂದರು. ಮೋರಾನ ಮನೆಯನ್ನು ನೆಲಸಮ ಮಾಡಿ ಅಲ್ಲಿ ಒಂದು ಕಂಬವನ್ನು ನೆಟ್ಟರು. ಅದೇ ಅಪಕೀರ್ತಿಸ್ತಂಭ. 1778ರ ವರೆಗೆ ಅದು ನಿಂತಿತ್ತು. ಅದರ ಶಾಸನದ ಕಲ್ಲನ್ನು ಮಿಲಾನಿನ ಸ್ಫೋರ್ತ್ಸಾ ಕೋಟೆಯ ಅಂಗಳದಲ್ಲಿ ಇಟ್ಟಿರುವರು.

ಈ ಮೊಕದ್ದಮೆಯ ವಿಷಯವಾಗಿ ಮಾಂಜೋನಿಗಿಂತ ಮೊದಲೇ ಒಬ್ಬನು ಬರೆದಿದ್ದನು. ಆತನು ಪಿಯೆತ್ರೊ ವೆರ್ರಿ, ಮೇಲೆ ಹೇಳಿದ ಜೊವಾನ್ನಿಯ ಅಣ್ಣ, ಬೆಕ್ಕಾರಿಯಾನ ಮಿತ್ರ. ಚಿತ್ರಹಿಂಸೆಯೆಂಬ ಪದ್ಧತಿಯೇ ಈ ಘೋರಕ್ಕೆ ಕಾರಣ, ಅದನ್ನು ರದ್ದುಮಾಡಬೇಕು ಎಂಬುದು ವೆರ್ರಿಯ ವಾದ. ತಂದೆಯು ನ್ಯಾಯಸಭೆಯ ಅಧ್ಯಕ್ಷನಾಗಿದ್ದುದರಿಂದ ಆ ಗ್ರಂಥವನ್ನು ತನ್ನ ಜೀವಮಾನದಲ್ಲಿ ಪ್ರಕಟಿಸಲಿಲ್ಲ. 1804ರಲ್ಲಿ ಅದು ಹೊರಬಿತ್ತು. ತಾತನ ಮಿತ್ರನು ಬರೆದುದನ್ನು ಮೊಮ್ಮಗನು ಒಪ್ಪಿ ಕೈಮುಗಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮಾಂಜೋನಿ ಒಪ್ಪಲಿಲ್ಲ. ಪದ್ಧತಿಯೇ ಎಲ್ಲಕ್ಕೂ ಹೊಣೆಯಾದರೆ ಮನುಷ್ಯನು ಹೊಣೆಯಿಂದ ತಪ್ಪಿಸಿಕೊಂಡಂತೆ ಆಯಿತಲ್ಲ ಎಂದು ಕೇಳಿದನು. ಕಡತದ ಹಾಳೆ ಹಾಳೆಯನ್ನೂ ತಿರುವಿ, ಆ ಕಾಲದ ಕಾನೂನಿನ ಪ್ರಕಾರವೇ, ಆ ಕಾಲದ ಪಂಡಿತರ ವ್ಯಾಖ್ಯಾನದ ಪ್ರಕಾರವೇ ಚಿತ್ರಹಿಂಸೆಗೆ ಇದ್ದ ಕಟ್ಟುಗಳನ್ನು ಈ ನ್ಯಾಯಾಧೀಶರು ಮುರಿದರೆಂದು ತೋರಿಸಿದನು. ಅವರು ಮೂಢನಂಬಿಕೆಯ ಕಾಲದಲ್ಲಿ ಹುಟ್ಟಿದವರು ನಿಜ. ಆದರೂ ಎದುರಿಗಿರುವವನು ನಿರಪರಾಧಿಯೆಂದು ಕಾಣಲು ಬೇಕಾದುದೆಲ್ಲ ಅವರ ಕಣ್ಣ ಮುಂದೆಯೇ ಇತ್ತು. ಕಾಣಲಿಲ್ಲವೆಂದಲ್ಲ, ಕಾಣಲು ಒಲ್ಲದೆ ಹೋದರು. ಏಕೆಂದರೆ ಬಿಡುಗಡೆ ಮಾಡಿದರೆ ಗುಂಪು ಏನೆಂದೀತೆಂಬ ಭಯ. ಮೇಲಿನವರ ಆಜ್ಞೆ, ಕಾಲದ ವಾಡಿಕೆ, ಇಲಾಖೆಯ ಕ್ರಮ ಎಂದು ಕೈತೊಳೆದುಕೊಳ್ಳುವ ಯಾವ ಅಧಿಕಾರಿಗೂ ಈ ಪುಟ್ಟ ಗ್ರಂಥವು ಹಿತವಾಗಲಾರದು.

1842ರಲ್ಲಿ ಮುಗಿದ ಕಾದಂಬರಿಯ ಅಂತಿಮ ಮುದ್ರಣದಲ್ಲಿ ಇದನ್ನು ಆತನು ಕಥೆಯ ಹಿಂದೆಯೇ ಜೋಡಿಸಿದನು. ಮದುವೆಯಾಗಿ ಎಲ್ಲರೂ ಸುಖವಾಗಿರುವ ಕಥೆಯ ಬೆನ್ನಿಗೆ ಇಂಥದೊಂದು ನಿಜಸಂಗತಿ! ಓದುಗರಿಗೆ ಇದು ರುಚಿಸಲಿಲ್ಲ. ಬಹುಮಂದಿ ಪ್ರಕಾಶಕರು ಆ ಭಾಗವನ್ನು ಕೈಬಿಟ್ಟೇ ಕಾದಂಬರಿಯನ್ನು ಅಚ್ಚುಮಾಡುತ್ತ ಬಂದಿರುವರು. ನಾವು ಇದನ್ನು ತಪ್ಪೆಂದೇ ತಿಳಿಯುತ್ತೇವೆ.

ಇನ್ನು ಭಾಷೆಯ ವಿಷಯ. ಆತನ ಕೀರ್ತಿಯ ಬಹುಭಾಗವು ಇದರಿಂದ ಬಂದುದು, ವಿವಾದವೂ ಇದರದೇ.

ಕಾದಂಬರಿಯ ಮೊದಲನೆಯ ಬರವಣಿಗೆಯು 1823ರ ಸೆಪ್ಟಂಬರಿನಲ್ಲಿ ಮುಗಿಯಿತು. ಓದಿ ನೋಡಲು ಆತನಿಗೇ ಅಸಹ್ಯವಾಯಿತು. ಮಿಲಾನಿನವನ ಮನೆಮಾತು ಮಿಲಾನೀ; ವಿದ್ಯಾವಂತರ ಸಂಭಾಷಣೆ ಫ್ರೆಂಚಿನಲ್ಲಿ; ಪುಸ್ತಕದ ಇಟಾಲಿಯನ್ನು ಶತಮಾನಗಳ ಹಿಂದಿನ ಕವಿಗಳದು. ಇವೆಲ್ಲ ಸೇರಿ ಯಾರೂ ಎಲ್ಲಿಯೂ ಆಡದ ಒಂದು ಕಲಬೆರಕೆಯಾಗಿತ್ತು ಆತನ ಗದ್ಯ. ರಾಜರ ಬಾಯಿಗೆ ಇಂಥ ಭಾಷೆಯನ್ನು ಇಟ್ಟರೆ ಸಂದೀತು. ರೇಷ್ಮೆ ನೂಲುವ ಹುಡುಗನು ಯಾವ ಭಾಷೆಯಲ್ಲಿ ಮಾತನಾಡಬೇಕು? ಬಡವರನ್ನು ಚರಿತ್ರೆಯೊಳಕ್ಕೆ ಕರೆತಂದ ಮೇಲೆ ಅವರಿಗೆ ಕೊಡಲು ತನ್ನಲ್ಲಿ ನಾಲಗೆಯೇ ಇಲ್ಲವೆಂಬುದನ್ನು ಕಂಡುಕೊಂಡನು. ನಿಘಂಟುಗಳನ್ನೂ ಹಳೆಯ ಗ್ರಂಥಗಳನ್ನೂ ಹರಡಿಕೊಂಡು ಎಲ್ಲವನ್ನೂ ಮತ್ತೆ ಬರೆದನು. ಕಥೆಯನ್ನೂ ಅಲ್ಲಲ್ಲಿ ಕತ್ತರಿಸಿದನು. ನಾಯಕನ ಹೆಸರನ್ನು ಕೂಡ ಬದಲಾಯಿಸಿದನು. 1827ರಲ್ಲಿ ಮೂರು ಸಂಪುಟಗಳು ಹೊರಬಂದು ಬಹುಬೇಗ ಖರ್ಚಾದವು. ವೃದ್ಧ ಗಯಟೆಯು ಮೆಚ್ಚಿದನು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅದೇ 1827ರ ಬೇಸಗೆಯಲ್ಲಿ ಈತನು ಸಂಸಾರಸಮೇತನಾಗಿ ಫ್ಲಾರೆನ್ಸಿಗೆ ಹೊರಟನು. ಪುಸ್ತಕದಿಂದ ಕಲಿತ ತಸ್ಕನಿಯ ನುಡಿಯನ್ನು ಬದುಕಿರುವವರ ಬಾಯಿಂದ ಕೇಳಬೇಕಾಗಿತ್ತು. ತನ್ನ ಬಟ್ಟೆಯನ್ನು ಆರ್ನೊ ನದಿಯಲ್ಲಿ ಜಾಲಿಸುವುದೆಂದು ಇದನ್ನು ವಿನೋದವಾಗಿ ಕರೆದನು. ಆ ಮಾತು ಇಟಲಿಯಲ್ಲಿ ಗಾದೆಯಂತೆ ನಿಂತುಹೋಗಿದೆ. ಮುಂದೆ ಹದಿಮೂರು ವರ್ಷ ತಿದ್ದಿದನು. ಫ್ಲಾರೆನ್ಸಿನ ಪಂಡಿತರಾದ ಚೊನಿ, ನಿಕ್ಕೊಲೀನಿ ಎಂಬವರಿಂದ ತಿದ್ದಿಸಿದನು. ಪಂಡಿತರು ಸಾಲದೆಂದು, ಎಮಿಲಿಯಾ ಲೂತಿ ಎಂಬ ಫ್ಲಾರೆನ್ಸಿನ ಉಪಾಧ್ಯಾಯಿನಿಯನ್ನು ಕೂಡಿಸಿಕೊಂಡು, ನಿಮ್ಮೂರಿನಲ್ಲಿ ಇದನ್ನು ಹೇಗೆನ್ನುವಿರಿ, ಇದನ್ನು ಯಾರಾದರೂ ಹೀಗೆ ಆಡುವುದುಂಟೇ ಎಂದು ವಾಕ್ಯ ವಾಕ್ಯವನ್ನೂ ವಿಚಾರಿಸಿದನು. ‘ಅವನು’ ‘ಅವಳು’ ಎಂಬುದಕ್ಕೆ ಗ್ರಂಥಗಳಲ್ಲಿ ಮಾತ್ರ ಉಳಿದಿದ್ದ ಸರ್ವನಾಮಗಳನ್ನು ಬಹುಮಟ್ಟಿಗೆ ತೆಗೆದು, ಜನರು ಆಡುವ ‘ಲೂಯಿ’ ‘ಲೇಯಿ’ಗಳನ್ನು ಇಟ್ಟನು. ವೈಯಾಕರಣರು ಇದನ್ನು ತಪ್ಪೆಂದರು. ಇಟಲಿಯಲ್ಲಿ ಈಗ ಎಲ್ಲರೂ ಆಡುವುದು ಅದನ್ನೇ. ಯೂರೋಪೆಲ್ಲ ಹೊಗಳಿದ ಗ್ರಂಥಕರ್ತನು ಪಾಠ ಹೇಳಿಕೊಡುವ ಹೆಂಗಸಿನ ಮುಂದೆ ಶಿಷ್ಯನಂತೆ ಕುಳಿತ ಈ ಚಿತ್ರವು ನಮಗೆ ಬಹಳ ಪ್ರಿಯವಾದುದು.

ತಿದ್ದಿದ ಗ್ರಂಥವು 1840ರಿಂದ 1842ರ ವರೆಗೆ ಬಿಡಿ ಸಂಚಿಕೆಗಳಾಗಿ, ಫ್ರಾಂಚೆಸ್ಕೊ ಗೊನೀನ್ ಎಂಬ ಚಿತ್ರಕಾರನ ಚಿತ್ರಗಳೊಡನೆ, ಮಾಂಜೋನಿಯ ಸ್ವಂತ ಖರ್ಚಿನಲ್ಲಿ ಬಂತು. ಆತನಿಗೆ ಭಾರಿ ನಷ್ಟವನ್ನೂ ತಂತು. ಇಟಲಿಯು ಆಗ ತುಂಡು ತುಂಡು ರಾಜ್ಯಗಳಾಗಿದ್ದುದರಿಂದ ಒಂದು ರಾಜ್ಯದ ಗ್ರಂಥಸ್ವಾಮ್ಯವು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಕಳ್ಳಮುದ್ರಣದವರು ಹಳೆಯ ಪಾಠವನ್ನೇ ಅಗ್ಗವಾಗಿ ಮಾರುತ್ತಿದ್ದರು. ಮುದ್ರಣಾಲಯ ನಡೆಸಿದವರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. ಜೋಡಿಸಿದ ಫಾರಮನ್ನು ಬಿಚ್ಚಿ ಒಂದು ಪದ ತಿದ್ದಲು ಎಷ್ಟು ಖರ್ಚೆಂಬುದೂ ಅವರಿಗೆ ಗೊತ್ತು.

1861ರಲ್ಲಿ ಇಟಲಿ ಒಂದು ರಾಜ್ಯವಾಯಿತು. ಆ ವರ್ಷದ ಗಣತಿಯಲ್ಲಿ ನೂರಕ್ಕೆ 78ರಷ್ಟು ಜನ ನಿರಕ್ಷರರು. ಆಗ ಇಟಾಲಿಯನ್ ಭಾಷೆಯನ್ನು ಆಡಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರವೆಂದು ತುಲ್ಯೊ ದೆ ಮೌರೊ ಎಂಬ ವಿದ್ವಾಂಸನು 1963ರಲ್ಲಿ ಲೆಕ್ಕಹಾಕಿದನು. ಬಳಿಕ ಬಂದ ಬೇರೊಬ್ಬರು ಹತ್ತರ ಸಮೀಪಕ್ಕೆ ಏರಿಸಿರುವರು. ಯಾವ ಅಂಕಿಯನ್ನು ಹಿಡಿದರೂ, ಒಂದೇ ಧ್ವಜದ ಕೆಳಗೆ ಬಂದ ಜನರು ಒಬ್ಬರಿಗೊಬ್ಬರು ಮೂಗರಾಗಿದ್ದರು. 1868ರಲ್ಲಿ ವಿದ್ಯಾಮಂತ್ರಿ ಬ್ರೊಲ್ಯೊ ಎಂಬವನು ಈ ಬಗ್ಗೆ ಒಂದು ಸಮಿತಿಯನ್ನು ನೇಮಿಸಿದಾಗ, ಎಂಬತ್ತಮೂರರ ವೃದ್ಧ ಮಾಂಜೋನಿಯು ವರದಿ ಬರೆದುಕೊಟ್ಟನು: ಫ್ಲಾರೆನ್ಸಿನಲ್ಲಿ ವಿದ್ಯಾವಂತರು ಇಂದು ಆಡುವ ನುಡಿಯೇ ದೇಶದ ನುಡಿಯಾಗಲಿ, ಅದರ ನಿಘಂಟನ್ನು ಮಾಡಿರಿ, ಅಲ್ಲಿಂದ ಉಪಾಧ್ಯಾಯರನ್ನು ಎಲ್ಲ ಪ್ರಾಂತಗಳಿಗೂ ಕಳುಹಿರಿ.

ಇದನ್ನು ಎದುರಿಸಿದವನು ಗ್ರಾತ್ಸಿಯಾದಿಯೊ ಅಸ್ಕೊಲಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಧ್ವನಿಶಾಸ್ತ್ರವನ್ನು ಹೋಲಿಸಿ ಬರೆದ ಮಹಾಪಂಡಿತ, ಮಿಲಾನಿನಲ್ಲಿಯೇ ಅಧ್ಯಾಪಕ. ಫ್ಲಾರೆನ್ಸಿನ ಉಚ್ಚಾರವನ್ನು ಅನುಸರಿಸಿ ‘ನುಓವೊ’ ಎನ್ನುವ ಬದಲು ‘ನೋವೊ’ ಎಂದು ಹೆಸರಿಟ್ಟುಕೊಂಡು ಹೊರಟ ಆ ನಿಘಂಟಿನ ಮುಖಪುಟದಿಂದಲೇ ಆತನು 1873ರಲ್ಲಿ ಖಂಡನೆಯನ್ನು ಆರಂಭಿಸಿದನು. ಒಂದು ಊರಿನ ಬಾಯನ್ನು ಇಡೀ ದೇಶಕ್ಕೆ ಹೊಲಿಯಲಾಗದು. ಜರ್ಮನಿಗೆ ಅಂಥ ರಾಜಧಾನಿಯಿಲ್ಲದೆಯೂ ಬಲವಾದ ಒಂದು ಭಾಷೆಯಿದೆ, ಏಕೆಂದರೆ ಅಲ್ಲಿ ಓದುವವರೂ ಬರೆಯುವವರೂ ಆಲೋಚಿಸುವವರೂ ದಟ್ಟವಾಗಿರುವರು. ವಿದ್ಯೆಯು ಹರಡಿ ಜನರು ಕೂಡಿ ದುಡಿದರೆ ಭಾಷೆಯು ತಾನಾಗಿ ಒಂದಾಗುವುದು ಎಂಬುದು ಆತನ ವಾದ.

ನಮ್ಮ ಅಭಿಪ್ರಾಯದಲ್ಲಿ ಶಾಸ್ತ್ರದಲ್ಲಿ ಗೆದ್ದವನು ಅಸ್ಕೊಲಿಯೇ. ವರದಿಯ ಯೋಜನೆಗಳಲ್ಲಿ ಬಹುಪಾಲು ಕಾಗದದ ಮೇಲೆ ಉಳಿದವು. ನಿಘಂಟು ಮುಗಿಯುವಾಗ 1897 ಆಗಿತ್ತು. ಇಟಲಿಯನ್ನು ಒಂದು ಭಾಷೆಗೆ ತಂದದ್ದು ಶಾಲೆ, ಸೈನ್ಯದ ಚಾಕರಿ, ಕಾರ್ಖಾನೆ, ಪತ್ರಿಕೆ, ಆಮೇಲೆ ರೇಡಿಯೊ ಮತ್ತು ಟೆಲಿವಿಷನ್. ಆದರೆ ಮಂತ್ರಿಯ ಸಮಿತಿಯಿಂದ ಆಗದ ಕೆಲಸವನ್ನು ಮಾಂಜೋನಿಯ ಕಾದಂಬರಿಯು ಸದ್ದಿಲ್ಲದೆ ಮಾಡಿತು. ಏಕೀಕರಣಾನಂತರ ಶಾಲೆಗಳಲ್ಲಿ ಪಠ್ಯವಾಗಿ, ಸಿಸಿಲಿಯ ಹುಡುಗನೂ ವೆನಿಸಿನ ಹುಡುಗನೂ ಅದರಿಂದ ಒಂದೇ ಬಗೆಯ ಗದ್ಯವನ್ನು ಕಲಿತರು. ವಾದದಲ್ಲಿ ಸೋತವನ ಪುಸ್ತಕವು ಗೆದ್ದಿತು.

ಪಠ್ಯವಾದುದರಿಂದ ಕೆಡುಕೂ ಆಯಿತೆನ್ನಬೇಕು. ಕಡ್ಡಾಯವಾಗಿ ಓದಿಸಿದ ಪುಸ್ತಕವನ್ನು ಮಕ್ಕಳು ಪ್ರೀತಿಸುವುದು ಅಪರೂಪ. ಇಟಲಿಯಲ್ಲಿ ತಲೆಮಾರುಗಳೇ ಇದನ್ನು ಪರೀಕ್ಷೆಯ ಹೊರೆಯೆಂದು ನೆನೆದಿವೆ. ಮುಸ್ಸೋಲಿನಿಯ ಸೆರೆಯಲ್ಲಿದ್ದ ಗ್ರಾಮ್ಶಿಯು ತನ್ನ ಟಿಪ್ಪಣಿಗಳಲ್ಲಿ ಇನ್ನೂ ತೀಕ್ಷ್ಣವಾದ ದೋಷವನ್ನು ಹೊರಿಸಿದನು: ಮಾಂಜೋನಿಯು ಬಡವರನ್ನು ನೋಡುವುದು ಮೇಲಿನಿಂದ, ಸಾಕಿದ ಪ್ರಾಣಿಯನ್ನು ದಯೆಯಿಂದ ನೋಡುವಂತೆ, ಆಳವಾದ ಅಂತರಂಗವಿರುವುದೆಲ್ಲ ದೊಡ್ಡವರಿಗೆ ಮಾತ್ರ ಎಂದು. ಇದರಲ್ಲಿ ಸತ್ಯಾಂಶವುಂಟು. ಲುಚೀಯಾಳ ತಾಳ್ಮೆಯು ಕೆಲವು ಕಡೆ ನಮಗೂ ಅತಿಯೆನಿಸಿದೆ. ಆದರೂ ಆ ರೆಂಜೊ ಒಬ್ಬನೇ ರಾತ್ರಿಯೆಲ್ಲ ಕಾಡಿನಲ್ಲಿ ನಡೆದು, ಕತ್ತಲೆಯಲ್ಲಿ ಅದ್ದಾ ನದಿಯ ಸದ್ದನ್ನು ಕೇಳಿ ಹಿಗ್ಗುವ ಅಧ್ಯಾಯವನ್ನು ಓದಿದವರು ಬಡವನಿಗೆ ಅಂತರಂಗವನ್ನೇ ಕೊಡಲಿಲ್ಲವೆಂದು ಹೇಳಲಾರರು.

ಆತನ ತಿದ್ದುಪಡಿಯು ಇಲ್ಲಿಗೂ ಮುಗಿಯಲಿಲ್ಲ. ಈತನ ದಾರಿಯನ್ನು ಹಿಡಿದು ಅಳಿಯನಾದ ದಾತ್ಸೆಲ್ಯೊ 1833ರಲ್ಲಿ, ಮಿತ್ರನಾದ ಗ್ರೊಸ್ಸಿ 1834ರಲ್ಲಿ ಐತಿಹಾಸಿಕ ಕಾದಂಬರಿಗಳನ್ನು ಬರೆದು ಹೆಸರುಪಡೆದಿದ್ದರು. 1850ರಲ್ಲಿ ಮಾಂಜೋನಿಯು ಪ್ರಕಟಿಸಿದ ಪ್ರಬಂಧವು ಆ ಜಾತಿಯ ಗ್ರಂಥಗಳ ಬುಡಕ್ಕೇ ಕೊಡಲಿಯಿಟ್ಟಿತು. ನಡೆದುದನ್ನೂ ಕಲ್ಪಿಸಿದುದನ್ನೂ ಒಂದೇ ಪಾತ್ರೆಯಲ್ಲಿ ಕಲಸಿದರೆ, ಯಾವುದು ನಿಜವೆಂದು ಕೇಳುವವನಿಗೂ ಮೋಸ, ಕಥೆಯಲ್ಲಿ ಮುಳುಗಬೇಕೆಂಬವನಿಗೂ ಮೋಸ; ಈ ಎರಡನ್ನೂ ಒಂದುಗೂಡಿಸುವ ಉಪಾಯವೇ ಇಲ್ಲ ಎಂದು ವಾದಿಸಿದನು. ತನ್ನ ಕೀರ್ತಿಯ ಮರಕ್ಕೆ ತಾನೇ ಕೊಡಲಿಯಿಟ್ಟನೆಂದು ಜನರು ಆಶ್ಚರ್ಯಪಟ್ಟರು. ಮೋರಾನ ಕಡತವನ್ನು ಓದಿದ ಕಣ್ಣಿಗೆ ಆ ಸಂಶಯ ಬಂದುದರಲ್ಲಿ ನಮಗೆ ಆಶ್ಚರ್ಯವಿಲ್ಲ. ಆದರೆ ಆತನ ವಾದವನ್ನು ಆತನ ಕಾದಂಬರಿಯೇ ಖಂಡಿಸುವುದೆಂದು ಮಾತ್ರ ಹೇಳುವೆವು. ಆ ಬಳಿಕ ಆತನು ಇನ್ನೊಂದು ಕಾದಂಬರಿಯನ್ನು ಬರೆಯಲಿಲ್ಲ.

ಮನೆಯ ಬದುಕು ಸುಖದ್ದಾಗಿರಲಿಲ್ಲ. 1833ರ ಕ್ರಿಸ್ತಜಯಂತಿಯ ದಿನ ಎನ್ರಿಕೆತ್ತಾ ತೀರಿಕೊಂಡಳು. ಮರುವರ್ಷ ಹಿರಿಯ ಮಗಳು. 1837ರಲ್ಲಿ ಕೈಹಿಡಿದ ಎರಡನೆಯ ಹೆಂಡತಿಯೂ 1861ರಲ್ಲಿ ಹೋದಳು. ಹುಟ್ಟಿದ ಹತ್ತು ಮಕ್ಕಳಲ್ಲಿ ಎಂಟು ಮಂದಿ ತಂದೆಗಿಂತ ಮೊದಲೇ ಸತ್ತರು. 1848ರ ದಂಗೆಯಲ್ಲಿ ಮಗ ಫಿಲಿಪ್ಪೊನನ್ನು ಆಸ್ಟ್ರಿಯದವರು ಒತ್ತೆಯಾಗಿ ಹಿಡಿದೊಯ್ದರು. ಆದರೂ ಸಾರ್ಡಿನಿಯದ ದೊರೆಯ ಸಹಾಯವನ್ನು ಬೇಡುವ ಮನವಿಗೆ ತಂದೆಯು ಅಂಕಿತ ಹಾಕಿದ್ದನು. ಸುಮ್ಮನಿದ್ದವನೆಂಬ ಅಪವಾದಕ್ಕೆ ಇದನ್ನೂ ಒಂದು ಉತ್ತರವಾಗಿ ಎಣಿಸಬೇಕು. ಆಸ್ಟ್ರಿಯದ ಬಿರುದುಗಳನ್ನು ಒಲ್ಲೆನೆಂದನು. 1860ರಲ್ಲಿ ಸೆನೆಟಿನ ಸದಸ್ಯನಾಗಿ, ನೂತನ ರಾಜ್ಯದ ಘೋಷಣೆಯ ಪರವಾಗಿ ಮತ ಕೊಟ್ಟನು. ರೋಮ್ ನಗರವನ್ನು ಪೋಪರ ಕೈಯಿಂದ ರಾಷ್ಟ್ರವು ತೆಗೆದುಕೊಂಡುದನ್ನು ಭಕ್ತ ಕ್ಯಾಥೊಲಿಕರು ಸಹಿಸದಿದ್ದಾಗ, ಅವರಲ್ಲೆಲ್ಲ ಪ್ರಸಿದ್ಧನಾದ ಈತನು 1872ರಲ್ಲಿ ರೋಮಿನ ಗೌರವ ಪೌರತ್ವವನ್ನು ಸ್ವೀಕರಿಸಿದನು. ಧರ್ಮಗುರುವಿನ ಲೌಕಿಕ ಪ್ರಭುತ್ವವು ಹೋದುದರಿಂದ ಧರ್ಮಕ್ಕೆ ಹಾನಿಯಿಲ್ಲವೆಂದು ಆತನ ನಂಬಿಕೆ.

1873ರ ಜನವರಿ 6ರಂದು ಪೂಜೆ ಮುಗಿಸಿ ಹೊರಬರುವಾಗ ಸಂತ ಫೆದೇಲೆಯ ದೇವಾಲಯದ ಮೆಟ್ಟಲಿನಲ್ಲಿ ಬಿದ್ದು ತಲೆಗೆ ಪೆಟ್ಟಾಯಿತು, ಮತ್ತೆ ಚೇತರಿಸಲಿಲ್ಲ. ವರ್ಷ ತುಂಬಿದ ದಿನ, 1874ರ ಮೇ 22ರಂದು, ವೆರ್ದಿಯು ಆತನಿಗಾಗಿ ರಚಿಸಿದ ಶ್ರಾದ್ಧಸಂಗೀತವು ಮಿಲಾನಿನ ಸಂತ ಮಾರ್ಕನ ದೇವಾಲಯದಲ್ಲಿ ಮೊದಲ ಬಾರಿಗೆ ಕೇಳಿಬಂತು. 2020ರ ಫೆಬ್ರವರಿಯಲ್ಲಿ ಸಾಂಕ್ರಾಮಿಕದಿಂದ ಮಿಲಾನಿನ ಶಾಲೆಗಳು ಮುಚ್ಚಿದಾಗ ಅಲ್ಲಿಯ ಮುಖ್ಯೋಪಾಧ್ಯಾಯರೊಬ್ಬರು ವಿದ್ಯಾರ್ಥಿಗಳಿಗೆ ಪತ್ರ ಬರೆದು, ಪ್ಲೇಗಿನ ಅಧ್ಯಾಯವನ್ನು ಓದಿರಿ, ನೆರೆಯವನನ್ನು ವೈರಿಯೆಂದು ಕಾಣಬೇಡಿರಿ ಎಂದು ಬೇಡಿಕೊಂಡರು. ಕಾದಂಬರಿಯು ಆಂಗ್ಲದಲ್ಲಿ ಹಲವು ಭಾಷಾಂತರಗಳಾಗಿ ದೊರೆಯುತ್ತದೆ. 2022ರಲ್ಲಿ ಅಮೆರಿಕದಲ್ಲಿ ಹೊಸದೊಂದು ಬಂದಿದೆ. ಅಪಕೀರ್ತಿಸ್ತಂಭದ ಕಥೆಯು ಬೇರೆ ಪುಸ್ತಕವಾಗಿ ಸಿಕ್ಕುವುದು. ಎರಡನ್ನೂ ತರಿಸಿ ಒಂದರ ಹಿಂದೊಂದು ಓದಬೇಕು.

ಮೂಲ ಹಸ್ತಪ್ರತಿಗಳು ಮಿಲಾನಿನ ಬ್ರೈದೆನ್ಸೆ ಗ್ರಂಥಭಂಡಾರದಲ್ಲಿವೆ. 1886ರಿಂದ ಅಲ್ಲಿ ಆತನ ಹೆಸರಿನ ಒಂದು ಕೊಠಡಿಯಿದೆ. ಮೊದಲ ಬರವಣಿಗೆಯ ಹಾಳೆಗಳನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಕಥೆಯನ್ನು ಬಲಗಡೆಯ ಅರ್ಧದಲ್ಲಿ ಮಾತ್ರ ಬರೆದಿರುವನು. ಎಡಗಡೆಯ ಅರ್ಧವನ್ನು ತಿದ್ದುಪಡಿಗೆಂದು ಮೊದಲೇ ಖಾಲಿ ಬಿಟ್ಟಿದ್ದನು.